ಗೂಟವಿಲ್ಲದ ಗೋಡೆ

ಠಾಣೆಯಿಂದ ವಾಶಿಯತ್ತ ಹೋಗುವ ರೈಲಿನಿಂದ ಘನ್ಸೋಲಿಯಲ್ಲೋ ಕೋಪರ್‌ಖೈರಣೆಯಲ್ಲೋ ಇಳಿದು, ಅಲ್ಲಿಂದ ರಿಕ್ಷಾ ಹಿಡಿದು ಮಹಾಪೆಯ ಔದ್ಯೋಗಿಕ ಪ್ರದೇಶಕ್ಕೆ ಪ್ರತಿದಿನ ಬೆಳಿಗ್ಗೆ ಸೇರುವ ಸಹಸ್ರಾರು ಜನರಲ್ಲಿ ಡೊಂಬಿವಲಿ, ಕಲ್ಯಾಣಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರೂ ಅನೇಕರಿದ್ದಾರೆ. ಅಂಥವರಿರುವ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ಮೇಜುಗಳನ್ನು ಗೋಡೆಗೆ ಸರಿಸಿ ನಡೆಸಿದ ರಕ್ತದಾನ ಶಿಬಿರವೊಂದನ್ನು ನೋಡುವ ಅವಕಾಶ ನನಗೆ ದೊರೆಯಿತು. ಉಡುಪಿಯ ಕಡೆಯ ತರುಣನೊಬ್ಬನು ತೋಳು ಮಡಿಸಿಕೊಂಡು ಸರದಿಯಲ್ಲಿ ನಿಂತಿದ್ದನು. ತನ್ನ ಸರದಿ ಬಂದಾಗ ಆತನು ಹೆಮ್ಮೆಯಿಂದ, “ನನ್ನದು ಓ ಗುಂಪು ಡಾಕ್ಟ್ರೇ, ಯಾರಿಗೆ ಬೇಕಾದ್ರೂ ಆಗ್ತದೆ” ಎಂದನು.

ವೈದ್ಯೆ ನಕ್ಕು, ಆತನ ಬೆರಳಿನ ತುದಿಯನ್ನು ಚುಚ್ಚಿ, ಸಣ್ಣದೊಂದು ಗಾಜಿನ ನಳಿಗೆಯಲ್ಲಿ ರಕ್ತವನ್ನು ಎಳೆದುಕೊಂಡು, ನವಿಲಿನ ಕತ್ತಿನ ಬಣ್ಣದ ಮೈಲುತುತ್ತದ ದ್ರಾವಣವಿದ್ದ ಗಾಜಿನ ಪಾತ್ರೆಯೊಳಗೆ ಒಂದು ತೊಟ್ಟನ್ನು ಬಿಟ್ಟರು. ಆ ದ್ರಾವಣದ ಸಾಂದ್ರತೆಯನ್ನು ನೀರಿನದರ 1.053 ಪಟ್ಟು ಇರುವಂತೆ ಮೊದಲೇ ಹದಗೊಳಿಸಿರುತ್ತಾರೆ. ಒಂದು ಡೆಸಿಲೀಟರ್ ರಕ್ತದಲ್ಲಿ 12.5 ಗ್ರಾಮಿನಷ್ಟಾದರೂ ಹಿಮೋಗ್ಲೋಬಿನ್ ಇದ್ದರೆ ತೊಟ್ಟು ಹದಿನೈದು ಸೆಕೆಂಡುಗಳೊಳಗಾಗಿ ತಳಕ್ಕೆ ಇಳಿಯತಕ್ಕದ್ದು. ಈ ತೊಟ್ಟು ಹವಳದ ಮಣಿಯಂತೆ ದುಂಡಾಗಿ ಅರ್ಧದವರೆಗೆ ಇಳಿದು, ಅಲ್ಲೇ ತಡೆದು ನಿಂತು, ಮತ್ತೆ ಮೆಲ್ಲಗೆ ಮೇಲಕ್ಕೆ ಬಂದಿತು. “ಈ ಸಲ ಬೇಡ ತಮ್ಮಾ” ಎಂದು ವೈದ್ಯೆ ಹೇಳಿದಾಗ ಆತನ ಮುಖ ಸಣ್ಣದಾಯಿತು.

ಆ ತೊಟ್ಟಿನ ವಿಚಾರಕ್ಕೆ ಮುಂದೆ ಬರುವೆನು. ನನ್ನ ಮನಸ್ಸನ್ನು ಮೊದಲು ಹಿಡಿದದ್ದು ಆತನ ಮಾತು. ಓ ಗುಂಪಿನ ರಕ್ತ ಎಲ್ಲರಿಗೂ ಸಲ್ಲುತ್ತದೆಂಬುದನ್ನು ಶಾಲೆಯ ಪುಸ್ತಕದಿಂದ ಹಿಡಿದು ಆಸ್ಪತ್ರೆಯ ಗೋಡೆಯ ಫಲಕದವರೆಗೆ ಎಲ್ಲೆಲ್ಲಿಯೂ ಓದಿರುತ್ತೇವೆ. ಹಾಗಿದ್ದರೆ, ತನ್ನ ಚೀಟಿಯಲ್ಲಿಯೂ ಓ ಎಂದೇ ಬರೆದಿರುವ ಒಬ್ಬ ಮನುಷ್ಯನಿಗೆ ಓ ಗುಂಪಿನ ರಕ್ತವೇ ವಿಷವಾಗುವುದು ಹೇಗೆ? ಅಂಥವರು ಮಹಾಪೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಪರೇಲಿನಲ್ಲಿ, ಎಪ್ಪತ್ತು ವರ್ಷಗಳಿಗೂ ಹಿಂದೆ, ಲೋಕಕ್ಕೆ ಮೊಟ್ಟಮೊದಲು ಕಾಣಿಸಿಕೊಂಡರು.

ಪರೇಲಿನ ಒಗಟು

ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಹೊಂದಿದ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ವೈ. ಎಂ. ಭೆಂಡೆ ಮತ್ತು ಅವರ ಸಂಗಡಿಗರಾದ ದೇಶಪಾಂಡೆ, ಭಾಟಿಯಾ ಇವರು, ಇಂಗ್ಲೆಂಡಿನಲ್ಲಿದ್ದ ವಿಜ್ಞಾನಿಗಳಾದ ಸ್ಯಾಂಗರ್, ರೇಸ್, ಮಾರ್ಗನ್, ವಾಟ್ಕಿನ್ಸ್ ಎಂಬವರೊಡನೆ ಕೂಡಿ, 1952ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ವರ್ಣಿತವಾದ ಮುಂಬಯಿಯ ವ್ಯಕ್ತಿಗಳ ರಕ್ತಕಣಗಳು ಎ-ವಿರೋಧಿ ದ್ರವಕ್ಕಾಗಲಿ ಬಿ-ವಿರೋಧಿ ದ್ರವಕ್ಕಾಗಲಿ ಗಂಟುಗಟ್ಟಲಿಲ್ಲ. ಆದಕಾರಣ ನೋಡುವುದಕ್ಕೆ ಅವು ಓ. ಆದರೆ ಅವರ ರಕ್ತರಸದೊಳಗೆ ಎ ಕಣಗಳನ್ನು ಹಾಕಿದರೆ ಗಂಟು, ಬಿ ಕಣಗಳನ್ನು ಹಾಕಿದರೆ ಗಂಟು, ಕಡೆಗೆ ಯಾರಿಗೆ ಬೇಕಾದರೂ ಸಲ್ಲುವುದೆಂದು ಹೆಸರಾದ ಓ ಕಣಗಳನ್ನು ಹಾಕಿದರೂ ಗಂಟು! ಮುಂಬಯಿ ನಗರದ ಹೆಸರು ಈ ಗುಂಪಿಗೆ ಅಂಟಿಕೊಂಡಿತು; ನಗರದ ಹೆಸರು ಬದಲಾದ ಮೇಲೂ ವೈದ್ಯರು ಅದನ್ನು ಬಾಂಬೆ ಗುಂಪು ಎಂದೇ ಕರೆಯುತ್ತಾರೆ.

ಗೂಟ, ರುಮಾಲು, ಕೊಡೆ

ಹಳೆಯ ಕಾಲದ ಮನೆಗಳ ಜಗಲಿಯ ಗೋಡೆಗೆ ಮರದ ಗೂಟಗಳನ್ನು ಬಡಿದಿರುತ್ತಿದ್ದುದನ್ನು ಹಿರಿಯರು ಬಲ್ಲರು. ಹೊರಗಿನಿಂದ ಬಂದವರು ರುಮಾಲನ್ನೋ ಕೊಡೆಯನ್ನೋ ಅದಕ್ಕೆ ತೂಗುಹಾಕಿ ಒಳಗೆ ಹೋಗುವರು. ನಮ್ಮ ಕೆಂಪು ರಕ್ತಕಣದ ಹೊರಮೈಯನ್ನು ಇಂಥ ಗೋಡೆಯೆಂದು ಭಾವಿಸೋಣ. ಆ ಗೋಡೆಯ ಮೇಲೆ ಸಕ್ಕರೆಯ ಜಾತಿಯ ಅಣುಗಳ ಸಣ್ಣ ಸಣ್ಣ ಸರಪಣಿಗಳು ನಿಂತಿರುತ್ತವೆ. ಒಂದು ಕಿಣ್ವ, ಎಂದರೆ ದೇಹದೊಳಗಿನ ಒಬ್ಬ ಸೂಕ್ಷ್ಮ ಕೆಲಸಗಾರ, ಆ ಸರಪಣಿಯ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆಯೊಂದನ್ನು ಬಡಿಯುತ್ತದೆ. ಇದೇ ಗೂಟ. ಇದನ್ನು ರಕ್ತಶಾಸ್ತ್ರದಲ್ಲಿ ಎಚ್ ವಸ್ತುವೆಂದು ಕರೆಯುತ್ತಾರೆ.

ಗೂಟ ನಿಂತ ಮೇಲೆ ಎರಡನೆಯ ಕೆಲಸಗಾರನ ಪ್ರವೇಶ. ಎ ಗುಂಪಿನವರಲ್ಲಿ ಅವನು ಗೂಟಕ್ಕೆ ರುಮಾಲು ಸಿಕ್ಕಿಸುವನು, ಬಿ ಗುಂಪಿನವರಲ್ಲಿ ಕೊಡೆ. ಎಬಿಯವರಲ್ಲಿ ಎರಡು ಬಗೆಯ ಕೆಲಸಗಾರರೂ ಇದ್ದು, ಕೆಲವು ಗೂಟಗಳಲ್ಲಿ ರುಮಾಲೂ ಕೆಲವುಗಳಲ್ಲಿ ಕೊಡೆಯೂ ತೂಗುವುವು. ಈ ರುಮಾಲು ಕೊಡೆಗಳೂ ಸಕ್ಕರೆಗಳೇ, ಒಂದಕ್ಕೊಂದು ತೀರ ಹತ್ತಿರದ ಸಂಬಂಧಿಗಳು. ಅಷ್ಟು ಅಲ್ಪವಾದ ಭೇದದ ಮೇಲೆ ಒಬ್ಬನ ಪ್ರಾಣ ನಿಂತಿರುವುದೆಂದು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಓ ಗುಂಪಿನವರಲ್ಲಿಯಾದರೋ ಎರಡನೆಯ ಕೆಲಸಗಾರನು ಇದ್ದೂ ಇಲ್ಲದಂತೆ. ಅವನಿಗೆ ಕೆಲಸ ಬಾರದು. ಹೀಗಾಗಿ ಗೂಟಗಳೆಲ್ಲ ಬರಿದಾಗಿ ಉಳಿಯುತ್ತವೆ.

ಬರಿದಾಗಿ ಉಳಿಯುತ್ತವೆ, ಆದರೆ ಇರುತ್ತವೆ. ನಮ್ಮ ಒಗಟಿನ ಕೀಲಿಕೈ ಇಲ್ಲಿಯೇ ಇದೆ. ಬಾಂಬೆ ಗುಂಪಿನವರಲ್ಲಿ ಮೊದಲನೆಯ ಕೆಲಸಗಾರನೇ ಇಲ್ಲ. ಗೂಟವನ್ನೇ ಬಡಿಯದ ಮೇಲೆ ರುಮಾಲಿನವನು ಬಂದರೇನು, ಕೊಡೆಯವನು ಬಂದರೇನು? ತೂಗುಹಾಕಲು ಎಡೆಯಿಲ್ಲದೆ ಅವರು ಕೈಯಲ್ಲಿ ಹಿಡಿದುಕೊಂಡೇ ನಿಲ್ಲಬೇಕು. ದೂರದಿಂದ ನೋಡುವವನಿಗೆ ಬರಿದಾದ ಗೂಟವೂ ಒಂದೇ, ಗೂಟವಿಲ್ಲದ ಗೋಡೆಯೂ ಒಂದೇ. ಏಕೆಂದರೆ ಅವನು ಹುಡುಕುತ್ತಿರುವುದು ರುಮಾಲನ್ನು ಮತ್ತು ಕೊಡೆಯನ್ನು, ಗೂಟವನ್ನಲ್ಲ. ನಮ್ಮ ಚೀಟಿಯ ಮೇಲಿನ ‘ಓ’ ಎಂಬುದು ಒಂದು ವಸ್ತುವಿನ ಹೆಸರಾಗಿರದೆ, ಹುಡುಕಿದ ಎರಡು ವಸ್ತುಗಳು ಸಿಕ್ಕಲಿಲ್ಲವೆಂಬ ವರದಿಯಾಗಿರುವುದು. ಸಿಕ್ಕಲಿಲ್ಲವೆಂಬುದರಲ್ಲಿ ಎರಡು ಬಗೆಯುಂಟೆಂದು 1952ರವರೆಗೆ ಯಾರಿಗೂ ಹೊಳೆದಿರಲಿಲ್ಲ.

ಕಾವಲುಗಾರನು ಕಲಿತದ್ದು

ಇಷ್ಟರಿಂದ ಒಗಟು ಅರ್ಧ ಬಿಡಿಸಿದಂತಾಯಿತು. ಗೂಟವಿಲ್ಲದಿದ್ದರೆ ಇಲ್ಲವಾಯಿತು, ಅದರಿಂದ ಅಪಾಯವೇಕೆ? ಇಂಥವರು ಹುಟ್ಟಿದಂದಿನಿಂದ ನಮ್ಮ ನಿಮ್ಮಂತೆಯೇ ಉಂಡು ತಿರುಗಿ ಆರೋಗ್ಯವಾಗಿಯೇ ಬಾಳುತ್ತಾರೆ.

ಅಪಾಯ ಬರುವುದು ಕಾವಲುಗಾರರಿಂದ. ರಕ್ತರಸದಲ್ಲಿ ಪ್ರತಿಕಾಯಗಳೆಂಬ ಕಾವಲಿನವರು ಸದಾ ಸಂಚರಿಸುತ್ತಿರುತ್ತಾರೆ. ಶಿಶುವಿನ ಕರುಳಿನಲ್ಲಿ ಮೊದಲ ತಿಂಗಳುಗಳಲ್ಲಿ ಬಂದು ನೆಲಸುವ ಬ್ಯಾಕ್ಟೀರಿಯಗಳ ಮೈಮೇಲೆಯೂ ಈ ರುಮಾಲು, ಕೊಡೆ, ಗೂಟಗಳನ್ನು ಹೋಲುವ ಸಕ್ಕರೆಗಳಿರುತ್ತವೆ. ಕಾವಲಿನವರು ತಮ್ಮ ಮನೆಯಲ್ಲಿಲ್ಲದ ಯಾವ ಆಕಾರವನ್ನು ಕಂಡರೂ ಇದು ಪರರದು ಎಂದು ಗುರುತು ಹಾಕಿಕೊಳ್ಳುತ್ತಾರೆ. ಎ ಗುಂಪಿನ ಮಗುವಿನ ಕಾವಲಿನವರಿಗೆ ಕೊಡೆ ವೈರಿ, ಬಿ ಗುಂಪಿನವರಿಗೆ ರುಮಾಲು ವೈರಿ, ಓ ಗುಂಪಿನವರಿಗೆ ಎರಡೂ ವೈರಿ. ಗೂಟವು ಈ ಎಲ್ಲರ ಮನೆಯಲ್ಲಿಯೂ ಇರುವುದರಿಂದ ಅದರ ಮೇಲೆ ಯಾರಿಗೂ ಹಗೆಯಿಲ್ಲ. ಬಾಂಬೆ ಗುಂಪಿನ ಮಗುವಿನ ಮನೆಯಲ್ಲಾದರೋ ಗೂಟವೇ ಇಲ್ಲವಾದುದರಿಂದ, ಅದರ ಕಾವಲಿನವರು ಗೂಟವನ್ನೂ ವೈರಿಯೆಂದೇ ಕಲಿಯುತ್ತಾರೆ. ಒಮ್ಮೆಯೂ ಪರರ ರಕ್ತವನ್ನು ಪಡೆಯದವರಲ್ಲಿಯೂ ಈ ವೈರ ಸಿದ್ಧವಾಗಿರುತ್ತದೆ.

ಅಂಥವರಿಗೆ ಓ ರಕ್ತವನ್ನು ಏರಿಸಿದರೆ, ಒಂದೊಂದು ಕಣದ ಮೇಲೆಯೂ ಅಸಂಖ್ಯ ಬರಿ ಗೂಟಗಳು. ಕಾವಲಿನವರು ಮುತ್ತುತ್ತಾರೆ, ಅವರ ಕರೆಗೆ ಓಗೊಟ್ಟು ಬರುವ ಇನ್ನೊಂದು ಪಡೆ ಕಣಗಳ ಪೊರೆಯನ್ನು ತೂತು ಮಾಡುತ್ತದೆ. ಕಣಗಳು ರಕ್ತನಾಳದೊಳಗೇ ಒಡೆದು ಹಿಮೋಗ್ಲೋಬಿನ್ ಹೊರಗೆ ಸುರಿಯುತ್ತದೆ. ಚಳಿಜ್ವರ, ಸೊಂಟದ ನೋವು, ಕೆಂಪುಗೂಡಿದ ಮೂತ್ರ, ಇಳಿಯುವ ರಕ್ತದೊತ್ತಡ, ಮೂತ್ರಪಿಂಡಗಳ ಸ್ತಂಭನ, ಈ ಕ್ರಮದಲ್ಲಿ ರೋಗಿಯು ಕೆಲವೇ ಗಂಟೆಗಳಲ್ಲಿ ಸಾವಿನ ಬಾಗಿಲಿಗೆ ಬರಬಹುದು. ವಿಚಿತ್ರವೆಂದರೆ, ಗೂಟ, ರುಮಾಲು, ಕೊಡೆ ಯಾವುವೂ ಇಲ್ಲದ ಇವರ ಕೆಂಪುಕಣಗಳ ಮೇಲೆ ಆ ಮೂರರ ದೆಸೆಯಿಂದ ಹಗೆ ಸಾಧಿಸುವವರು ಲೋಕದಲ್ಲಿಲ್ಲ. ಎಲ್ಲರಿಗೂ ಕೊಡಬಲ್ಲವರು, ತಮ್ಮವರ ಹೊರತು ಯಾರಿಂದಲೂ ಪಡೆಯಲಾರದವರು!

ಚೀಟಿಯನ್ನು ನಂಬದ ನಳಿಗೆ

ಇಂಥವರನ್ನು ಕಾಪಾಡುವುದು ಚೀಟಿಯಲ್ಲ. ರಕ್ತವನ್ನು ಏರಿಸುವ ಮುನ್ನ ರೋಗಿಯ ರಕ್ತರಸದ ಒಂದೆರಡು ತೊಟ್ಟನ್ನು ದಾನಿಯ ಕಣಗಳೊಡನೆ ಒಂದು ನಳಿಗೆಯಲ್ಲಿ ಬೆರೆಸಿ ನೋಡುವ ಎದುರುಪರೀಕ್ಷೆ, ಆಸ್ಪತ್ರೆಯ ಮಾತಿನಲ್ಲಿ ಕ್ರಾಸ್ ಮ್ಯಾಚ್, ಇವರ ರಕ್ಷಕ. ಈ ಪರೀಕ್ಷೆ ಗುಂಪಿನ ಹೆಸರನ್ನು ಕೇಳುವುದಿಲ್ಲ; ದೇಹದೊಳಗೆ ನಡೆಯಬಹುದಾದ ಕಲಹವನ್ನು ಮೊದಲು ಗಾಜಿನೊಳಗೆ ನಡೆಸಿ ನೋಡುತ್ತದೆ. ತುರ್ತಿನ ನೆಪದಲ್ಲಿ ಇದನ್ನು ಬಿಟ್ಟು ಮುಂದುವರಿಯುವುದು ಎಂಥ ಸಾಹಸವೆಂಬುದನ್ನು ಬಾಂಬೆ ಗುಂಪು ಕಲಿಸಿತು. ಗುಂಪು ನೋಡುವಾಗ ರೋಗಿಯ ರಕ್ತರಸಕ್ಕೆ ಎ, ಬಿ ಕಣಗಳ ಜೊತೆಗೆ ಓ ಕಣಗಳನ್ನೂ ಬೆರೆಸಿ ನೋಡುವ ಪದ್ಧತಿಯಿರುವ ಪ್ರಯೋಗಾಲಯದಲ್ಲಿ ಈ ಗುಟ್ಟು ಮೊದಲ ಹೆಜ್ಜೆಯಲ್ಲೇ ಬಯಲಾಗುತ್ತದೆ.

ಗೂಟವನ್ನೇ ಹುಡುಕುವ ದ್ರವವೂ ಉಂಟು. ಅದು ಯೂಲೆಕ್ಸ್ ಎಂಬ ಯುರೋಪಿನ ಮುಳ್ಳುಗಿಡದ ಬೀಜದ ಸಾರ. ಬೀಜಗಳ ಸಾರಕ್ಕೂ ರಕ್ತದ ಗುಂಪಿಗೂ ಏನು ನಂಟು ಎಂದು ಕೇಳುವ ಕನ್ನಡಿಗರಿಗೆ ಒಂದು ಪ್ರಿಯವಾದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಹೊಲದ ಹುರುಳಿಯ ಕಾಳಿನ ಸಾರವು ಎ ಗುಂಪಿನ ಕಣಗಳನ್ನು, ಅದರಲ್ಲಿಯೂ ಅದರ ಪ್ರಬಲವಾದ ಒಂದು ಉಪಜಾತಿಯನ್ನು, ಆಯ್ದು ಗಂಟುಗಟ್ಟಿಸುತ್ತದೆ. ಇದನ್ನು ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವಿದ್ವಾಂಸರು 1951ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಎ ಗುಂಪಿನ ಉಪಜಾತಿಗಳನ್ನು ಬೇರ್ಪಡಿಸಲು ರಕ್ತನಿಧಿಗಳಲ್ಲಿ ಇಂದಿಗೂ ಹುರುಳಿಯ ಸಾರವನ್ನು ಬಳಸುತ್ತಾರೆ. ಬಸ್ಸಾರು ಮಾಡುವ ಕಾಳು ಇಷ್ಟು ನಿಷ್ಕೃಷ್ಟವಾಗಿ ಸಕ್ಕರೆಗಳ ಭೇದವನ್ನು ಬಲ್ಲದೆಂದು ಯಾರು ಎಣಿಸಿದ್ದರು!

ಅಡಗಿ ಬಂದ ಅಕ್ಷರ

ಗೂಟ ಬಡಿಯುವ ಕಸುಬಿನ ಪಾಠವನ್ನು ಪ್ರತಿಯೊಬ್ಬರೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳಾಗಿ ಪಡೆದಿರುತ್ತಾರೆ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದರಿಂದ ಕೆಲಸ ಸಾಗುತ್ತದೆ. ಎರಡೂ ಕೆಟ್ಟಾಗ ಮಾತ್ರ ಗೋಡೆ ಬೋಳಾಗುವುದು. ಕೆಟ್ಟ ಪ್ರತಿಯೊಂದು ಅನೇಕ ತಲೆಮಾರುಗಳವರೆಗೆ ಯಾರಿಗೂ ತಿಳಿಯದಂತೆ ಒಂದು ಕುಟುಂಬದಲ್ಲಿ ಹರಿದುಬರಬಲ್ಲುದು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆಯ ಸೋದರಿಕೆಯ ಮದುವೆಗಳಲ್ಲಿ ಒಂದೇ ಅಜ್ಜನಿಂದ ಬಂದ ಎರಡು ಕೆಟ್ಟ ಪ್ರತಿಗಳು ಒಂದೇ ಮಗುವಿನಲ್ಲಿ ಸೇರುವ ಸಂಭವ ಹೆಚ್ಚು. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರಂತಿರುವ ಈ ಗುಂಪು ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರಂತೆ ಕಾಣುತ್ತದೆ. ಮುಂಬಯಿ, ಠಾಣೆ, ಕಲ್ಯಾಣ, ನವಿ ಮುಂಬಯಿಗಳನ್ನು ಕೂಡಿಸಿದರೆ ಎರಡು ಕೋಟಿಗೂ ಮೀರುವ ಜನಸಂಖ್ಯೆಯಲ್ಲಿ ಈ ಲೆಕ್ಕದಂತೆ ಎರಡು ಸಾವಿರ ಮಂದಿಯಾದರೂ ಇರಬೇಕು; ಅವರಲ್ಲಿ ಬಹುಮಂದಿಗೆ ತಮ್ಮ ವಿಷಯ ಗೊತ್ತೇ ಇರದು.

ಈ ಗಣಿತದಿಂದ ಒಂದು ಉಪಕಾರವೂ ಉಂಟು. ತಂದೆತಾಯಿಗಳಿಬ್ಬರೂ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತವರಾದರೆ, ಪ್ರತಿ ಮಗುವಿಗೂ ಎರಡು ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಆದುದರಿಂದ ಬಾಂಬೆ ಗುಂಪಿನ ರೋಗಿಯೊಬ್ಬನು ಗೊತ್ತಾದಾಗ ವೈದ್ಯರು ದೇಶದಲ್ಲೆಲ್ಲ ಹುಡುಕುವ ಮೊದಲು ಒಡಹುಟ್ಟಿದವರನ್ನು ಕರೆಸುತ್ತಾರೆ. ಹತ್ತು ಸಾವಿರದಲ್ಲಿ ಒಬ್ಬರನ್ನು ಅರಸುವುದಕ್ಕಿಂತ ನಾಲ್ವರಲ್ಲಿ ಒಬ್ಬರನ್ನು ಅರಸುವುದು ಎಷ್ಟೋ ಸುಲಭ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗೂಟವಿಲ್ಲದವರಲ್ಲಿಯೂ ರುಮಾಲಿನ ಅಥವಾ ಕೊಡೆಯ ಕೆಲಸಗಾರನು ಸುಮ್ಮನೆ ನಿಂತಿರಬಹುದಷ್ಟೆ. ಆತನು ಮಗುವಿಗೆ ದಾಟಿ, ಅಲ್ಲಿ ಇನ್ನೊಬ್ಬ ಪೋಷಕರಿಂದ ಬಂದ ಗೂಟವನ್ನು ಕಂಡನೆಂದರೆ, ಕೂಡಲೇ ಕೆಲಸಕ್ಕೆ ತೊಡಗುವನು. ಚೀಟಿಯಲ್ಲಿ ಓ ಎಂದಿರುವ ತಾಯಿಗೆ ಎಬಿ ಗುಂಪಿನ ಮಗು ಹುಟ್ಟುವುದು ಶಾಲೆಯ ಪಾಠದ ಪ್ರಕಾರ ಅಸಾಧ್ಯ, ನಿಸರ್ಗದ ಪ್ರಕಾರ ಸಾಧ್ಯ. ಫಿಲಿಪ್ ಲೆವಿನ್ ಎಂಬ ವಿಜ್ಞಾನಿಯೂ ಸಂಗಡಿಗರೂ 1955ರಲ್ಲಿ ಅಮೆರಿಕೆಯ ಒಂದು ಕುಟುಂಬದಲ್ಲಿ, ಬಿ ಗುಣವು ಹೀಗೆ ಅಡಗಿಕೊಂಡು ಸಾಗಿಬಂದುದನ್ನು ತೋರಿಸಿಕೊಟ್ಟರು. ರಕ್ತದ ಗುಂಪಿನ ಚೀಟಿಯನ್ನು ಮುಂದೊಡ್ಡಿ ಹೆಣ್ಣಿನ ಶೀಲವನ್ನು ಶಂಕಿಸುವವರು ಈ ಸಂಗತಿಯನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ಕೊಡುವವರ ಕಣಜ

ಈಗ ಆ ತೇಲಿದ ತೊಟ್ಟಿನ ಕಡೆಗೆ ತಿರುಗೋಣ. ಅಪರೂಪದ ಗುಂಪಿನ ದಾನಿಗೆ ಎಲ್ಲೆಲ್ಲಿಂದಲೋ ಕರೆ ಬರುತ್ತದೆ. ಕಲ್ಯಾಣದಲ್ಲಿರುವವನನ್ನು ಪುಣೆಗೆ, ಸೊಲ್ಲಾಪುರಕ್ಕೆ, ಬೆಳಗಾವಿಗೆ ಬಾ ಎನ್ನುತ್ತಾರೆ. ರೋಗಿಯ ಮನೆಯವರ ಅಳಲನ್ನು ಕೇಳಿ ಅವನಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಆದರೆ ದಾನಿಯೂ ಒಂದು ದೇಹವನ್ನು ಹೊತ್ತವನೇ. ನಮ್ಮ ದೇಶದ ನಿಯಮವು ಗಂಡಸರಿಗೆ ಎರಡು ದಾನಗಳ ನಡುವೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಬಿಡುವಿರಬೇಕೆಂದು ವಿಧಿಸಿದೆ. ಕಳೆದ ನೀರಿನಂಶ ಒಂದೆರಡು ದಿನಗಳಲ್ಲಿ ತುಂಬಿಬರುವಾಗ ಇಷ್ಟು ದೀರ್ಘವಾದ ಬಿಡುವು ಏತಕ್ಕೆ?

ಕಬ್ಬಿಣಕ್ಕಾಗಿ. 450 ಮಿಲಿಲೀಟರಿನ ಒಂದು ಚೀಲ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಟುಹೋಗುತ್ತದೆ. ಸಾಮಾನ್ಯವಾಗಿ ಊಟದಿಂದ ದಿನಕ್ಕೆ ನಾವು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹಿಮೋಗ್ಲೋಬಿನ್ ಅಡಿಗೆಮನೆಯ ಡಬ್ಬಿಯಲ್ಲಿರುವ ಅಕ್ಕಿಯಾದರೆ, ದೇಹವು ಕೂಡಿಟ್ಟ ಕಬ್ಬಿಣ ಕಣಜದಲ್ಲಿರುವ ಬತ್ತ. ಡಬ್ಬಿ ಬರಿದಾದಾಗ ಕಣಜದಿಂದ ತೆಗೆದು ತುಂಬುತ್ತೇವೆ, ಆದುದರಿಂದ ಡಬ್ಬಿಯನ್ನು ನೋಡಿದವನಿಗೆ ಕಣಜ ತಳ ಕಂಡದ್ದು ತಿಳಿಯುವುದಿಲ್ಲ. ಮೈಲುತುತ್ತದ ಪರೀಕ್ಷೆ ನೋಡುವುದು ಡಬ್ಬಿಯನ್ನು. ಕಣಜವನ್ನು ನೋಡಬೇಕಾದರೆ ಫೆರಿಟಿನ್ ಎಂಬ ಪ್ರೋಟೀನನ್ನು ಅಳೆಯಬೇಕು. ಅಮೆರಿಕೆಯಲ್ಲಿ 215 ದಾನಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಣಜ ಕಡಿಮೆಯಾಗಿದ್ದವರು ಕಳೆದುಕೊಂಡ ಹಿಮೋಗ್ಲೋಬಿನ್ನಿನ ಐದರಲ್ಲಿ ನಾಲ್ಕು ಪಾಲನ್ನು ಮರಳಿ ಪಡೆಯಲು, ಪ್ರತಿದಿನ ಕಬ್ಬಿಣದ ಮಾತ್ರೆ ತಿಂದರೆ ಸರಾಸರಿ 32 ದಿನ, ತಿನ್ನದಿದ್ದರೆ 158 ದಿನ ಹಿಡಿಯಿತು. ಮಾತ್ರೆ ತೆಗೆದುಕೊಳ್ಳದವರಲ್ಲಿ ಮೂರರಲ್ಲಿ ಎರಡು ಪಾಲಿನವರ ಕಣಜ 168 ದಿನಗಳಾದರೂ ತುಂಬಿರಲಿಲ್ಲ. ಉಡುಪಿಯ ತರುಣನ ಡಬ್ಬಿಯೇ ತಗ್ಗಿತ್ತು. ಕಣಜದ ಗತಿಯನ್ನು ಊಹಿಸಬಹುದು. ಅವನನ್ನು ತಿರುಗಿ ಕಳಿಸಿದ್ದು ಅಗೌರವವಲ್ಲ, ಆತನ ಮೇಲಿನ ಅಕ್ಕರೆ. ವೈದ್ಯೆಯ ‘ತಮ್ಮಾ’ ಎಂಬ ಕರೆಯಲ್ಲಿಯೇ ಅದು ಕೇಳಿಸುತ್ತಿತ್ತು.

ಕೊಡುವವರನ್ನು ಹಿಂಡದೆ ಪಡೆಯುವವರನ್ನು ಉಳಿಸುವ ದಾರಿಗಳೂ ಇವೆ. ಸಾಧಾರಣವಾಗಿ 42 ದಿನಗಳೊಳಗೆ ಬಳಸಬೇಕಾದ ಕೆಂಪುಕಣಗಳನ್ನು ಗ್ಲಿಸರಿನ್ನಿನೊಡನೆ ಸೇರಿಸಿ, ಶೂನ್ಯಕ್ಕಿಂತ 65 ಡಿಗ್ರಿಗೂ ಕೆಳಗಿನ ಶೀತದಲ್ಲಿಟ್ಟರೆ ಹತ್ತು ವರ್ಷ ಕಾಪಾಡಬಹುದು. ವೆಚ್ಚ ಮಾತ್ರ ಅಧಿಕ. ಮುಂಚೆಯೇ ಗೊತ್ತಾದ ಶಸ್ತ್ರಚಿಕಿತ್ಸೆಗೆ ರೋಗಿಯದೇ ರಕ್ತವನ್ನು ತೆಗೆದಿಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅವಶ್ಯಕವಲ್ಲದಲ್ಲಿ ರಕ್ತವನ್ನು ಏರಿಸದಿರಬಹುದು. ಕೆನಡದಲ್ಲಿ ತೀವ್ರ ನಿಗಾ ಘಟಕದ 838 ರೋಗಿಗಳಲ್ಲಿ ಅರ್ಧದವರಿಗೆ ಹಿಮೋಗ್ಲೋಬಿನ್ 10 ಗ್ರಾಮಿಗಿಂತ ಇಳಿದಾಗಲೇ, ಉಳಿದವರಿಗೆ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟು ನೋಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂವತ್ತು ದಿನಗಳೊಳಗೆ ತೀರಿಕೊಂಡವರು ಮೊದಲ ಪಂಗಡದಲ್ಲಿ ನೂರಕ್ಕೆ 23.3, ಎರಡನೆಯದರಲ್ಲಿ 18.7. ಈ ಅಂತರ ಕಾಕತಾಳೀಯವೂ ಆಗಿರಬಹುದಾದಷ್ಟು ಸಣ್ಣದು. ಆದರೆ ಕೈಬಿಗಿಹಿಡಿದು ಕೊಟ್ಟದ್ದರಿಂದ ರೋಗಿಗಳಿಗೆ ಕೇಡಾಗಲಿಲ್ಲವೆಂಬುದಂತೂ ಸಿದ್ಧವಾಯಿತು.

ಕೋಲಾರದ ಹೆಣ್ಣುಮಗಳು

ಮುಂಬಯಿಯ ಒಗಟು ಬಿಡಿಸಿದ ಮೇಲೆ ಇನ್ನು ಹೊಸದೇನೂ ಉಳಿದಿಲ್ಲವೆಂದು ಭಾವಿಸುವವರಿಗೆ ಉತ್ತರ ನಮ್ಮ ನಾಡಿನಿಂದಲೇ ಬಂದಿದೆ. ಹೃದಯದ ಶಸ್ತ್ರಚಿಕಿತ್ಸೆಗೆಂದು ಕೋಲಾರದಲ್ಲಿ ಆಸ್ಪತ್ರೆಗೆ ಸೇರಿದ 38 ವರ್ಷದ ಮಹಿಳೆಯೊಬ್ಬರ ಗುಂಪು ಓ ಪಾಸಿಟಿವ್, ಎಂದರೆ ಯಾವ ರಕ್ತನಿಧಿಯಲ್ಲಾದರೂ ಸುಲಭವಾಗಿ ಸಿಕ್ಕುವಂಥದು. ಆದರೆ ಎದುರುಪರೀಕ್ಷೆಯಲ್ಲಿ ಓ ಪಾಸಿಟಿವ್ ಚೀಲ ಯಾವುದೂ ಹೊಂದಲಿಲ್ಲ. ಆಕೆ ಬಾಂಬೆ ಗುಂಪಿನವರಲ್ಲ. ಗೂಟಗಳೆಲ್ಲ ಸರಿಯಾಗಿಯೇ ಇದ್ದುವು. ಬೆಂಗಳೂರಿನ ರೋಟರಿ ಟಿ. ಟಿ. ಕೆ. ರಕ್ತಕೇಂದ್ರದವರು ಆಕೆಯ ಕುಟುಂಬದ 20 ಮಂದಿಯ ರಕ್ತವನ್ನು ತರಿಸಿ ಒಂದೊಂದಾಗಿ ಬೆರೆಸಿ ನೋಡಿದರು. ಅವರಲ್ಲಿ ಯಾರದೂ ಹೊಂದಲಿಲ್ಲ. ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿರುವ ಅಂತರರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದುವು. ಸುಮಾರು ಹತ್ತು ತಿಂಗಳ ಶೋಧನೆಯ ಮೇಲೆ ತಿಳಿದದ್ದೇನೆಂದರೆ, ಆಕೆಯ ಗೋಡೆಯಲ್ಲಿ ಇಲ್ಲದಿದ್ದುದು ಗೂಟವಲ್ಲ, ಗೋಡೆಯಲ್ಲೇ ಇರಬೇಕಾದ ಬೇರೊಂದು ಕಲ್ಲಿನ ಒಂದು ಗುರುತು. ಕ್ರೋಮರ್ ಎಂಬ ಗುಂಪಿಗೆ ಸೇರಿದ ಆ ಗುರುತನ್ನು ಅದುವರೆಗೆ ಯಾರೂ ಹೆಸರಿಸಿರಲಿಲ್ಲ, ಏಕೆಂದರೆ ಅದು ಇಲ್ಲದವರನ್ನು ಯಾರೂ ಕಂಡಿರಲಿಲ್ಲ.

2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ನೆರೆದ ರಕ್ತಪೂರಣ ವಿಜ್ಞಾನಿಗಳ ಸಭೆಯಲ್ಲಿ ಅದಕ್ಕೆ ಕ್ರಿಬ್ ಎಂಬ ಹೆಸರು ಘೋಷಿತವಾಯಿತು. ಕ್ರೋಮರಿನ ಮೊದಲೆರಡು ಅಕ್ಷರಗಳು, ಇಂಡಿಯದ ಒಂದು, ಬೆಂಗಳೂರಿನ ಒಂದು ಕೂಡಿ ಆದ ಹೆಸರು. ಅಷ್ಟರೊಳಗೆ ಆಕೆಯ ಶಸ್ತ್ರಚಿಕಿತ್ಸೆ ಆಗಿಹೋಗಿತ್ತು. ಹೊಂದುವ ರಕ್ತ ಭೂಮಿಯ ಮೇಲೆಲ್ಲಿಯೂ ಗೊತ್ತಿಲ್ಲದ ಆ ದಿನಗಳಲ್ಲಿ, ವೈದ್ಯರು ಪರರ ಒಂದು ತೊಟ್ಟು ರಕ್ತವನ್ನೂ ಏರಿಸದೆ ಅದನ್ನು ನೆರವೇರಿಸಿದ್ದರು.